ಗುಲಿಸಿಯ ಹೆಣ್ಣುಮಕ್ಕಳು

ಮಧ್ಯ ಅಮೆರಿಕದ ಪೂರ್ವ ಕರಾವಳಿಯಲ್ಲಿ, ಮೆಕ್ಸಿಕೋ ಮತ್ತು ಗ್ವಾಟೆಮಾಲಾ ದೇಶಗಳ ಮಗ್ಗುಲಿಗೆ ಅಂಟಿಕೊಂಡಂತೆ, ಬೆಲೀಜ್ ಎಂಬ ಪುಟ್ಟ ರಾಷ್ಟ್ರವೊಂದಿದೆ. ಅದರ ದಕ್ಷಿಣ ಭಾಗದ ಡಾಂಗ್ರಿಗಾ ಎಂಬ ಕಡಲತಡಿಯ ಪಟ್ಟಣದಲ್ಲಿ 2007ರಲ್ಲಿ ಒಂದು ಪ್ರಾಥಮಿಕ ಶಾಲೆ ಆರಂಭವಾಯಿತು. ಮಕ್ಕಳು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಭಾಷೆಗಳ ಜೊತೆಗೆ ತಮ್ಮ ಪೂರ್ವಜರ ಗರಿಫುನಾ ಭಾಷೆಯನ್ನೂ ತರಗತಿಯಲ್ಲೇ ಕುಳಿತು ಕಲಿಯಬೇಕೆಂಬುದು ಆ ಶಾಲೆಯ ಸಂಕಲ್ಪ. ಶಾಲೆಗೆ ಹೆಸರಿಡುವ ಪ್ರಶ್ನೆ ಬಂದಾಗ ಯುದ್ಧವೀರರ ಹೆಸರುಗಳಿಗೇನೂ ಕೊರತೆಯಿರಲಿಲ್ಲ. ಆದರೂ ಅವರು ಆರಿಸಿಕೊಂಡದ್ದು ಒಬ್ಬ ತಾಯಿಯ ಹೆಸರನ್ನು: ಗುಲಿಸಿ.

ಯಾರು ಈ ಗುಲಿಸಿ? ಶಾಲೆಯೊಂದಕ್ಕೆ ಆಕೆಯ ಹೆಸರೇ ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೊರಟರೆ, ಒಂದು ಜನಾಂಗವನ್ನು ಅಳಿವಿನಿಂದ ಕಾಪಾಡಿದ ತಾಯಂದಿರ, ಶಿಕ್ಷಕಿಯರ ಹಾಗೂ ಲೇಖಕಿಯರ ಕಥೆ ನಮ್ಮೆದುರು ತೆರೆದುಕೊಳ್ಳುತ್ತದೆ. ಈ ಮೂರೂ ಪಾತ್ರಗಳನ್ನು ಅನೇಕ ವೇಳೆ ಒಬ್ಬಳೇ ಹೆಣ್ಣುಮಗಳು ನಿರ್ವಹಿಸಿದ್ದಾಳೆ ಎಂಬುದು ಈ ಚರಿತ್ರೆಯ ವಿಶೇಷ.

ತಾಯ್ನಾಡನ್ನು ಕಳೆದುಕೊಂಡವರು

ಗರಿಫುನಾ ಜನರ ಮೂಲ ನೆಲೆ ಕೆರಿಬಿಯನ್ ಸಮುದ್ರದ ಸೇಂಟ್ ವಿನ್ಸೆಂಟ್ ದ್ವೀಪ. ತಮ್ಮ ಭಾಷೆಯಲ್ಲಿ ಅವರು ಅದನ್ನು ಯುರುಮೈನ್ ಎಂದು ಕರೆಯುತ್ತಾರೆ. ಆ ದ್ವೀಪದ ಆದಿವಾಸಿಗಳಾದ ಕರೀಬರು ಮತ್ತು ಅರವಾಕರ ನಡುವೆ 17ನೆಯ ಶತಮಾನದಲ್ಲಿ ಆಫ್ರಿಕಾ ಮೂಲದ ಜನರು ಬಂದು ಸೇರಿಕೊಂಡರು. ಒಡೆದುಹೋದ ಹಡಗುಗಳಿಂದ ಬದುಕುಳಿದು ಬಂದವರು ಕೆಲವರು. ನೆರೆಯ ದ್ವೀಪಗಳ ಕಬ್ಬಿನ ತೋಟಗಳಲ್ಲಿದ್ದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು ಮತ್ತೆ ಕೆಲವರು. ಆಶ್ರಯ ಕೊಟ್ಟವರು ಮತ್ತು ಆಶ್ರಯ ಪಡೆದವರು ಕಾಲಕ್ರಮದಲ್ಲಿ ಒಂದೇ ಜನವಾದರು. ಅವರ ಮೈಬಣ್ಣ ಆಫ್ರಿಕಾದ್ದು, ಮಾತು ಅಮೆರಿಕದ ಆದಿವಾಸಿಗಳದ್ದು.

1763ರ ಪ್ಯಾರಿಸ್ ಒಪ್ಪಂದದ ಮೂಲಕ ಈ ದ್ವೀಪ ಬ್ರಿಟಿಷರ ಪಾಲಾಯಿತು. ಅಲ್ಲಿನ ಫಲವತ್ತಾದ ಭೂಮಿ ಕಬ್ಬಿನ ಬೆಳೆಗೆ ಬೇಕಾಗಿತ್ತು. ಆದರೆ ಗರಿಫುನಾ ಜನರು ತಮ್ಮ ನೆಲವನ್ನು ಬಿಟ್ಟುಕೊಡಲು ಸಿದ್ಧರಿರಲಿಲ್ಲ. ಎರಡು ಯುದ್ಧಗಳು ನಡೆದವು. ಎರಡನೆಯ ಯುದ್ಧದ ಆರಂಭದಲ್ಲಿಯೇ, 1795ರ ಮಾರ್ಚ್ 14ರಂದು, ಅವರ ಮಹಾನಾಯಕ ಜೋಸೆಫ್ ಚಟೋಯರ್ ಮಡಿದನು. ಅವನ ಜನರು ಅವನನ್ನು ಸಾತುಯೆ ಎಂದು ಕರೆಯುತ್ತಿದ್ದರು. ಮರುವರ್ಷ ಯುದ್ಧ ಸೋಲಿನಲ್ಲಿ ಕೊನೆಗೊಂಡಿತು.

ಅನಂತರ ನಡೆದದ್ದು ಯುದ್ಧಕ್ಕಿಂತಲೂ ಘೋರವಾದುದು. ಗಂಡಸರು, ಹೆಂಗಸರು, ಮಕ್ಕಳೆನ್ನದೆ 4,000ಕ್ಕೂ ಹೆಚ್ಚು ಜನರನ್ನು ಸೆರೆಹಿಡಿದು ಬಾಲಿಸೋ ಎಂಬ ಬರಡು ನಡುಗಡ್ಡೆಯಲ್ಲಿ ಕೂಡಿಹಾಕಲಾಯಿತು. ಕೆಲವೇ ತಿಂಗಳಲ್ಲಿ ಅವರಲ್ಲಿ ಅರ್ಧದಷ್ಟು ಮಂದಿ ರೋಗರುಜಿನಗಳಿಗೆ ಬಲಿಯಾದರು. ಉಳಿದವರನ್ನು 1797ರ ಮಾರ್ಚ್ ತಿಂಗಳಲ್ಲಿ ಹಡಗುಗಳಿಗೆ ತುಂಬಿ ಗಡಿಪಾರು ಮಾಡಲಾಯಿತು. ಏಪ್ರಿಲ್‌ನಲ್ಲಿ ಹೊಂಡುರಾಸ್ ತೀರದ ರೋವಾಟಾನ್ ದ್ವೀಪದಲ್ಲಿ ಅವರನ್ನು ಇಳಿಸಿದಾಗ ಉಳಿದಿದ್ದವರು ಸುಮಾರು 2,000 ಮಂದಿ ಮಾತ್ರ. ಅಲ್ಲಿಂದ ಅವರು ಮಧ್ಯ ಅಮೆರಿಕದ ಕರಾವಳಿಯುದ್ದಕ್ಕೂ ಹರಡಿಕೊಂಡರು. 19ನೆಯ ಶತಮಾನದ ಆರಂಭದಲ್ಲಿ ದೋಣಿಗಳಲ್ಲಿ ಬೆಲೀಜ್ ತೀರಕ್ಕೂ ಬಂದು ತಲುಪಿದರು.

ಹೀಗೆ ಬಂದವರಲ್ಲಿ ಚಟೋಯರನ ಮಗಳು ಗುಲಿಸಿಯೂ ಇದ್ದಳೆಂಬುದು ಜನರ ಬಾಯಲ್ಲಿ ಉಳಿದುಬಂದ ನೆನಪು. ಹದಿಮೂರು ಮಕ್ಕಳ ತಾಯಿಯಾದ ಆಕೆ ತನ್ನ ಮಕ್ಕಳನ್ನು ಕೂರಿಸಿಕೊಂಡು, ತಾವು ಎಲ್ಲಿಂದ ಬಂದವರು, ತಮ್ಮ ಅಜ್ಜ ಯಾರು, ತಾವು ಕಳೆದುಕೊಂಡ ದ್ವೀಪದ ಹೆಸರೇನು ಎಂಬುದನ್ನು ಹೇಳುತ್ತಿದ್ದಳಂತೆ. ಆಕೆಯ ಬಳಿ ಪುಸ್ತಕವಿರಲಿಲ್ಲ, ಶಾಲೆಯಿರಲಿಲ್ಲ, ಸ್ವಂತ ನೆಲವೂ ಇರಲಿಲ್ಲ. ಸಾತುಯೆ ಕತ್ತಿ ಹಿಡಿದು ಕಾಯಲಾಗದೆ ಹೋದುದನ್ನು ಅವನ ಮಗಳು ಮಾತಿನಿಂದ ಕಾಯ್ದಳು. ಆ ಶಾಲೆಗೆ ಆಕೆಯ ಹೆಸರು ಸಲ್ಲಲು ಇದಕ್ಕಿಂತ ಬೇರೆ ಕಾರಣ ಬೇಕೆ?

ಹೆಂಗಸರ ಮಾತೇ ಮಾತೃಭಾಷೆಯಾದ ಬಗೆ

ಗರಿಫುನಾ ಭಾಷೆಯ ಹುಟ್ಟಿನಲ್ಲಿಯೂ ತಾಯಂದಿರ ಪಾತ್ರವೇ ದೊಡ್ಡದು. 17ನೆಯ ಶತಮಾನದಲ್ಲಿ ರೇಮೊಂ ಬ್ರೆತೋಂ ಎಂಬ ಫ್ರೆಂಚ್ ಡೊಮಿನಿಕನ್ ಗುರುಗಳು ಕೆರಿಬಿಯನ್ ದ್ವೀಪಗಳಲ್ಲಿ ಧರ್ಮಪ್ರಚಾರಕರಾಗಿ ದುಡಿದರು. ಆದಿವಾಸಿಗಳ ಜೊತೆ ವರ್ಷಗಟ್ಟಲೆ ಬಾಳಿ, ಅವರ ಮಾತನ್ನು ಕಲಿತು, 1665ರಲ್ಲಿ ಒಂದು ನಿಘಂಟನ್ನು ಪ್ರಕಟಿಸಿದರು. ಒಂದೇ ಮನೆಯಲ್ಲಿ ಗಂಡಸರಾಡುವ ಪದಗಳು ಬೇರೆ, ಹೆಂಗಸರಾಡುವ ಪದಗಳು ಬೇರೆಯಾಗಿದ್ದುದನ್ನು ಅವರು ಕಂಡರು. ಕರೀಬ ಯೋಧರು ದ್ವೀಪವನ್ನು ಗೆದ್ದು, ಅಲ್ಲಿದ್ದ ಅರವಾಕ ಗಂಡಸರನ್ನು ಕೊಂದು, ಹೆಂಗಸರನ್ನು ಮದುವೆಯಾದರು. ಆ ಹೆಂಗಸರು ಮಾತ್ರ ತಮ್ಮ ಮಾತನ್ನು ಬಿಡಲಿಲ್ಲ ಎಂಬುದು ದ್ವೀಪದ ಹಿರಿಯರು ಕೊಟ್ಟ ವಿವರಣೆ.

ಇಂದಿನ ವಿದ್ವಾಂಸರು ಈ ಕಥೆಯನ್ನು ಅಕ್ಷರಶಃ ಒಪ್ಪುವುದಿಲ್ಲ. ಆದರೆ ಗರಿಫುನಾ ಭಾಷೆಯ ಒಡಲು ಅರವಾಕ ಕುಟುಂಬಕ್ಕೆ ಸೇರಿದ್ದು, ಗಂಡಸರ ಮಾತಿನಲ್ಲಿ ಕರೀಬ ಪದಗಳು ಬೆರೆತಿವೆ ಎಂಬುದರಲ್ಲಿ ಸಂದೇಹವಿಲ್ಲ. ಇಂದಿಗೂ 'ನಾನು' ಎನ್ನಲು ಅಲ್ಲಿ ಎರಡು ಪದಗಳಿವೆ: ಗಂಡಸರ ಮಾತಿನಲ್ಲಿ 'ಔ', ಹೆಂಗಸರ ಮಾತಿನಲ್ಲಿ 'ನುಗುಯಾ'. ಗೆದ್ದವರ ಪದಗಳು ಮಾತಿನ ಮೇಲೆ ಅಲ್ಲಲ್ಲಿ ಬಣ್ಣದಂತೆ ಉಳಿದವು. ತಾಯಿ ತೊಟ್ಟಿಲ ಬಳಿ ಆಡಿದ ಮಾತು ಇಡೀ ಜನಾಂಗದ ಭಾಷೆಯಾಯಿತು.

ಈ ಭಾಷೆ ಬೇರೆಯವರಿಂದ ಪಡೆಯಲು ಹಿಂಜರಿದದ್ದೂ ಇಲ್ಲ. ಮೂರರ ನಂತರದ ಎಣಿಕೆಗಳೆಲ್ಲ ಫ್ರೆಂಚ್ ಭಾಷೆಯಿಂದ ಬಂದವು. ದೇವರನ್ನು ಅವರು 'ಬುಂಗಿಯು' ಎನ್ನುತ್ತಾರೆ. ಫ್ರೆಂಚ್ ಭಾಷೆಯಲ್ಲಿ 'ಒಳ್ಳೆಯ ದೇವರು' ಎಂಬ ಅರ್ಥ ಕೊಡುವ 'ಬೊಂ ದ್ಯು' ಎಂಬ ಮಾತೇ ಅವರ ನಾಲಿಗೆಯಲ್ಲಿ ಹೀಗೆ ರೂಪಾಂತರಗೊಂಡಿತು. ಅಷ್ಟೆಲ್ಲ ಕಷ್ಟಗಳನ್ನು ಉಂಡ ಜನ ದೇವರನ್ನು ಕರೆಯುವಾಗಲೆಲ್ಲ, ಅರಿತೋ ಅರಿಯದೆಯೋ, 'ಒಳ್ಳೆಯವನೇ' ಎಂದೇ ಕರೆಯುತ್ತಾ ಬಂದಿದ್ದಾರೆ!

ಅಕ್ಷರ ಬರುವುದಕ್ಕೆ ಮೊದಲು ಈ ಭಾಷೆಯ ಪಾಠಶಾಲೆ ಇದ್ದದ್ದು ಮರಗೆಣಸಿನ ಕೆಲಸದ ಸುತ್ತ. ಅವರ ಮುಖ್ಯ ಆಹಾರಗಳಲ್ಲಿ ಒಂದಾದ ಎರೆಬಾ ಎಂಬ ತೆಳುವಾದ ರೊಟ್ಟಿಯನ್ನು ಕಹಿ ಮರಗೆಣಸಿನಿಂದ ಮಾಡುತ್ತಾರೆ. ಆ ಗೆಣಸಿನಲ್ಲಿ ವಿಷವಿರುತ್ತದೆ. ಸಿಪ್ಪೆ ಸುಲಿದು, ಸಣ್ಣ ಕಲ್ಲುಗಳನ್ನು ನಾಟಿದ ಮರದ ಹಲಗೆಯ ಮೇಲೆ ತುರಿದು, ರುಗುಮಾ ಎಂಬ ಹಾವಿನಾಕಾರದ ಉದ್ದನೆಯ ಹೆಣಿಗೆಯ ಚೀಲದಲ್ಲಿ ತುಂಬಿ ಹಿಂಡಿ, ವಿಷದ ರಸವನ್ನು ಹೊರಹಾಕಿದ ಮೇಲೆಯೇ ಅದು ಅನ್ನವಾಗುತ್ತದೆ. ಒಬ್ಬರಿಂದ ಆಗುವ ಕೆಲಸ ಇದಲ್ಲ. ಅಕ್ಕಪಕ್ಕದ ಹೆಂಗಸರು ಸೇರುತ್ತಿದ್ದರು; ಹಾಡುತ್ತಾ ತುರಿಯುತ್ತಿದ್ದರು. ಅಮ್ಮಂದಿರ ಸೆರಗು ಹಿಡಿದು ಬಂದ ಮಕ್ಕಳು ಆ ಹಾಡುಗಳಲ್ಲಿಯೇ ತಮ್ಮವರ ಸಾವುನೋವು, ಪಯಣ, ಪ್ರಾರ್ಥನೆಗಳನ್ನು ಕಲಿಯುತ್ತಿದ್ದರು.

ಶಾಲೆಯ ಬಾಗಿಲು ತೆರೆದಾಗ

ಆಗ ಬ್ರಿಟಿಷ್ ಹೊಂಡುರಾಸ್ ಎಂದು ಕರೆಯಲಾಗುತ್ತಿದ್ದ ಬೆಲೀಜ್‌ನಲ್ಲಿ ಶಿಕ್ಷಣದ ಹೊಣೆ ಬಹುಮಟ್ಟಿಗೆ ಧರ್ಮಸಭೆಗಳ ಮೇಲಿತ್ತು. ಕಥೋಲಿಕ ಶಾಲೆಗಳನ್ನು ಯೇಸುಸಭೆಯ ಗುರುಗಳು ಕಟ್ಟಿ ಬೆಳೆಸಿದರು. 1898ರಲ್ಲಿ ಡಾಂಗ್ರಿಗಾಕ್ಕೆ, ಅಂದಿನ ಹೆಸರಿನಲ್ಲಿ ಹೇಳುವುದಾದರೆ ಸ್ಟಾನ್ ಕ್ರೀಕ್ ಪಟ್ಟಣಕ್ಕೆ, ಅಮೆರಿಕದ ನ್ಯೂ ಆರ್ಲಿಯನ್ಸ್‌ನಿಂದ ಪವಿತ್ರ ಕುಟುಂಬದ ಭಗಿನಿಯರು ಬಂದರು. ಅವರ ಬರವು ಸಾಮಾನ್ಯ ಸಂಗತಿಯಾಗಿರಲಿಲ್ಲ. ಏಕೆಂದರೆ ಆ ಕನ್ಯಾಸ್ತ್ರೀಯರೂ ಆಫ್ರಿಕಾ ಮೂಲದವರೇ.

ಆ ಸಭೆಯನ್ನು 1842ರಲ್ಲಿ ಸ್ಥಾಪಿಸಿದವರು ಆಂರಿಯೆತ್ ದೆಲೀಲ್. ಗುಲಾಮರಿಗೆ ಓದುಬರಹ ಕಲಿಸುವುದು ಅಪರಾಧವೆಂದು ಲೂಯಿಸಿಯಾನಾ ರಾಜ್ಯದ ಕಾನೂನು ಸಾರುತ್ತಿದ್ದ ಕಾಲದಲ್ಲಿ, ಗುಲಾಮರಿಗೆ ಧರ್ಮೋಪದೇಶ ನೀಡುತ್ತಾ, ಅನಾಥರನ್ನೂ ವೃದ್ಧರನ್ನೂ ಸಲಹುತ್ತಾ ಬಾಳಿದ ಧೀಮಂತ ಮಹಿಳೆ ಆಕೆ. 2010ರಲ್ಲಿ ಧರ್ಮಸಭೆ ಆಕೆಯನ್ನು 'ಪೂಜ್ಯ'ರೆಂದು ಘೋಷಿಸಿತು. ಆಕೆಯ ಭಗಿನಿಯರು ಕಡಲು ದಾಟಿ ಬಂದು ಗರಿಫುನಾ ಮಕ್ಕಳ ಮುಂದೆ ನಿಂತರು. ತಮ್ಮದೇ ಬಣ್ಣದ ಹೆಣ್ಣುಮಗಳೊಬ್ಬಳು ಸೀಮೆಸುಣ್ಣ ಹಿಡಿದು ಕಪ್ಪುಹಲಗೆಯ ಬಳಿ ನಿಂತಿರುವುದನ್ನು ನೋಡಿದ ಹುಡುಗಿಯರ ಕಣ್ಣುಗಳಲ್ಲಿ ಯಾವ ಆಸೆ ಮೂಡಿರಬಹುದೆಂಬುದನ್ನು ನಾವು ಊಹಿಸಬಹುದು.

ಆ ಆಸೆ ಫಲಿಸಿತು. 20ನೆಯ ಶತಮಾನದುದ್ದಕ್ಕೂ ಬೆಲೀಜ್‌ನ ಹಳ್ಳಿಗಳ ಕಥೋಲಿಕ ಶಾಲೆಗಳಿಗೆ ಗರಿಫುನಾ ಶಿಕ್ಷಕರೇ ಬೆನ್ನೆಲುಬಾದರು. ಪ್ರಾಥಮಿಕ ಶಾಲೆ ಮುಗಿಸಿದ ಜಾಣ ಮಕ್ಕಳನ್ನು ವಿದ್ಯಾರ್ಥಿ-ಶಿಕ್ಷಕರನ್ನಾಗಿ ತೆಗೆದುಕೊಳ್ಳುವ ಪದ್ಧತಿ ಆಗ ಇತ್ತು. ಹಗಲು ಕಲಿಸುತ್ತಾ, ಬಿಡುವಿನಲ್ಲಿ ಓದುತ್ತಾ, ಒಂದೊಂದೇ ಪರೀಕ್ಷೆ ದಾಟಿ ಅವರು ಪೂರ್ಣ ಶಿಕ್ಷಕರಾಗುತ್ತಿದ್ದರು. ಬಳಿಕ ದಕ್ಷಿಣದ ಕಾಡುಗಳ ನಡುವಿನ ಮಾಯಾ ಆದಿವಾಸಿಗಳ ಹಳ್ಳಿಗಳಿಗೆ, ಸ್ಪ್ಯಾನಿಷ್ ಮಾತಾಡುವವರ ಊರುಗಳಿಗೆ ಅವರನ್ನು ಕಳುಹಿಸಲಾಗುತ್ತಿತ್ತು. ಮೊದಮೊದಲು ಗಂಡಸರೇ ಹೆಚ್ಚು. ಅವರ ಹೆಂಡತಿಯರು ಪರವೂರಿನಲ್ಲಿ ಮನೆ ಹೂಡಿದರು. ಕ್ರಮೇಣ ಹೆಣ್ಣುಮಕ್ಕಳೂ ಶಿಕ್ಷಕಿಯರಾಗಿ ಹೊರಟರು.

ಆ ಹಳ್ಳಿಗಳಲ್ಲಿ ಶಿಕ್ಷಕರ ಕೆಲಸ ಪಾಠದೊಂದಿಗೆ ಮುಗಿಯುತ್ತಿರಲಿಲ್ಲ. ಗುರುಗಳು ದೂರದಿಂದ ಅಪರೂಪಕ್ಕೊಮ್ಮೆ ಬರುತ್ತಿದ್ದುದರಿಂದ, ಭಾನುವಾರದ ಪ್ರಾರ್ಥನೆ ನಡೆಸುವುದು, ಮಕ್ಕಳನ್ನು ಮೊದಲ ಪರಮಪ್ರಸಾದಕ್ಕೆ ಸಿದ್ಧಪಡಿಸುವುದು, ಜನರ ಪತ್ರಗಳನ್ನು ಬರೆದುಕೊಡುವುದು ಎಲ್ಲವೂ ಅವರ ಪಾಲಿಗೇ ಬರುತ್ತಿತ್ತು. ಮನೆಯಲ್ಲಿ ತಾಯಿಯಾಗಿ, ತರಗತಿಯಲ್ಲಿ ಶಿಕ್ಷಕಿಯಾಗಿ, ದೇವಾಲಯದಲ್ಲಿ ಉಪದೇಶಿಯಾಗಿ ದುಡಿದ ಈ ಹೆಣ್ಣುಮಕ್ಕಳಲ್ಲಿ ಬಹುಪಾಲು ಮಂದಿಯ ಹೆಸರುಗಳು ಶಾಲೆಗಳ ಹಳೆಯ ಹಾಜರಿ ಪುಸ್ತಕಗಳಲ್ಲಿ ಮತ್ತು ಕಲಿತವರ ಮನಸ್ಸಿನಲ್ಲಿ ಮಾತ್ರ ಉಳಿದಿವೆ. ಡಾಂಗ್ರಿಗಾದಲ್ಲಿ ಹುಟ್ಟಿದ ಗರಿಫುನಾ ಮಗ ಆಸ್ಮಂಡ್ ಪೀಟರ್ ಮಾರ್ಟಿನ್ ಅವರು 1983ರಲ್ಲಿ ಬೆಲೀಜ್‌ನ ಧರ್ಮಾಧ್ಯಕ್ಷರಾದಾಗ, ಆ ನೆಲದಲ್ಲಿ ಹುಟ್ಟಿ ಆ ಪೀಠವೇರಿದ ಮೊದಲಿಗರು ಅವರೇ ಆದರು. ಆ ಗೌರವದಲ್ಲಿ ಹೆಸರಿಲ್ಲದ ಅನೇಕ ತಾಯಂದಿರ, ಶಿಕ್ಷಕಿಯರ ಪಾಲೂ ಇತ್ತು.

ತೆತ್ತ ಬೆಲೆ

ಇಲ್ಲಿ ಒಂದು ನೋವಿನ ಸಂಗತಿಯನ್ನು ಮರೆಮಾಚದೆ ಹೇಳಬೇಕು. ಶಾಲೆಯ ಭಾಷೆ ಇಂಗ್ಲಿಷ್ ಆಗಿತ್ತು. ಮನೆಯ ಮಾತಿಗೆ ಅಲ್ಲಿ ಸ್ಥಳವಿರಲಿಲ್ಲ. ಊರಿನ ಇತರ ಜನರು ಗರಿಫುನಾ ಮಾತನ್ನು ಕೇಳಿ ನಗುತ್ತಿದ್ದರು. ಅವರ ಡೋಲು, ಅವರ ಪೂರ್ವಿಕರ ಆಚರಣೆಗಳು ಎಲ್ಲವೂ ಅಂಧಕಾರದ ಗುರುತುಗಳೆಂದು ಬಹುಕಾಲ ಪರಿಗಣಿಸಲ್ಪಟ್ಟವು. ಒಳ್ಳೆಯ ಮನಸ್ಸಿನ ಧರ್ಮಪ್ರಚಾರಕರಲ್ಲಿಯೂ ಅನೇಕರು ಈ ಭಾವನೆಯಿಂದ ಮುಕ್ತರಾಗಿರಲಿಲ್ಲ.

ಗರಿಫುನಾ ಶಿಕ್ಷಕಿಯ ಸಂಕಟವನ್ನು ಒಮ್ಮೆ ಯೋಚಿಸಿ ನೋಡಿ. ಬೆಳಗ್ಗೆ ತರಗತಿಯಲ್ಲಿ ಆಕೆ ಪರರ ಮಕ್ಕಳಿಗೆ ಚೊಕ್ಕ ಇಂಗ್ಲಿಷ್ ಕಲಿಸಿದಳು. ಅದರಿಂದಲೇ ಆಕೆಗೆ ಸಂಬಳ, ಅದರಿಂದಲೇ ಮರ್ಯಾದೆ. ಸಂಜೆ ಮನೆಗೆ ಬಂದಾಗ ತನ್ನ ಮಗುವಿನೊಡನೆ ಯಾವ ಮಾತಿನಲ್ಲಿ ಆಡಬೇಕು? ತಾನು ಪಟ್ಟ ಅವಮಾನವನ್ನು ಮಗು ಪಡಬಾರದು. ಅದಕ್ಕೆ ಒಳ್ಳೆಯ ನೌಕರಿ ಸಿಗಬೇಕು. ಬೇಕಾದರೆ ನ್ಯೂಯಾರ್ಕ್ ಇಲ್ಲವೇ ಲಾಸ್ ಏಂಜಲೀಸ್‌ಗೆ ಹೋಗಿ ಬದುಕು ಕಟ್ಟಿಕೊಳ್ಳುವಂತಾಗಬೇಕು. ಹೀಗೆ ಯೋಚಿಸಿದ ತಾಯಿ ಮಗುವಿನ ಒಳಿತಿಗೆಂದೇ ತನ್ನ ಮಾತನ್ನು ಅಡುಗೆಮನೆಯಲ್ಲಿ ಹಿರಿಯರ ಜೊತೆಗೆ ಮೀಸಲಿಟ್ಟಳು. ಮಗು ಕೇಳಿ ಅರ್ಥಮಾಡಿಕೊಂಡಿತು, ಆದರೆ ಆಡಲಿಲ್ಲ. ಮೊಮ್ಮಗುವಿಗೆ ಅರ್ಥವೂ ಆಗಲಿಲ್ಲ.

ಬಾಲಿಸೋ ನಡುಗಡ್ಡೆಯ ಸಾವುಗಳಿಂದ, ಗಡಿಪಾರಿನ ಹಡಗುಗಳಿಂದ ಅಳಿಯದೆ ಉಳಿದ ಭಾಷೆ, ಪ್ರೀತಿಯಿಂದ ತೆಗೆದುಕೊಂಡ ಒಂದು ಸಣ್ಣ ನಿರ್ಧಾರದಿಂದ ಎರಡು ತಲೆಮಾರುಗಳಲ್ಲಿ ಬಡವಾಗತೊಡಗಿತು. ಇದಕ್ಕೆ ಆ ತಾಯಂದಿರನ್ನು ದೂರಲು ನಮಗೆ ಮನಸ್ಸು ಬಾರದು. ಅವರು ಸ್ವಾರ್ಥಕ್ಕಾಗಿ ಏನನ್ನೂ ಮಾಡಲಿಲ್ಲ. ಆದರೂ ನಷ್ಟ ನಷ್ಟವೇ. 1923ರಲ್ಲಿ ದೋಣಿ ಮುಳುಗಿ ಜಲಸಮಾಧಿಯಾದ ಧರ್ಮಾಧ್ಯಕ್ಷ ಫ್ರೆಡರಿಕ್ ಹಾಪ್ಕಿನ್ಸ್ ಅವರ ಸ್ಮರಣೆಯಲ್ಲಿ ಹೆಸರು ಪಡೆದ ಹಾಪ್ಕಿನ್ಸ್ ಎಂಬ ಕಡಲತಡಿಯ ಹಳ್ಳಿ ಬೆಲೀಜ್‌ನಲ್ಲಿ ಈ ಭಾಷೆಯ ಗಟ್ಟಿ ನೆಲೆಗಳಲ್ಲಿ ಒಂದು. ಅಲ್ಲಿಯೂ ಮಕ್ಕಳ ಆಟದ ಮಾತಾಗಿ ಬೆಲೀಜಿನ ಕ್ರಿಯೋಲ್ ನುಡಿ ಹಬ್ಬುತ್ತಾ ಬಂದಿದೆ.

ಮರಳಿ ಹಚ್ಚಿದ ದೀಪ

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಎಚ್ಚರಿಕೆಯ ಮೊದಲ ದನಿ ಎದ್ದದ್ದು ಶಿಕ್ಷಕರ ನಡುವಿನಿಂದಲೇ. ಥಾಮಸ್ ವಿನ್ಸೆಂಟ್ ರಾಮೋಸ್ ಎಂಬ ಗರಿಫುನಾ ಶಿಕ್ಷಕರು 1941ರಲ್ಲಿ ತಮ್ಮವರು ಬೆಲೀಜ್ ತೀರಕ್ಕೆ ಬಂದಿಳಿದ ನೆನಪಿನ ಹಬ್ಬವನ್ನು ಆರಂಭಿಸಿದರು. 1977ರಿಂದ ನವೆಂಬರ್ 19 ಇಡೀ ದೇಶಕ್ಕೆ ರಜಾದಿನವಾಯಿತು. ಅಂದು ದೋಣಿಗಳಲ್ಲಿ ಡೋಲು ಬಾರಿಸುತ್ತಾ ಜನ ದಡಕ್ಕೆ ಬರುತ್ತಾರೆ. ಬಂದವರು ಅನಂತರ ಸೇರುವುದು ದೇವಾಲಯದಲ್ಲಿ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಬಳಿಕ ಜನರ ಮಾತಿಗೂ ಸಂಗೀತಕ್ಕೂ ಆರಾಧನೆಯಲ್ಲಿ ಸ್ಥಾನ ದೊರೆತದ್ದರಿಂದ, ಒಂದು ಕಾಲಕ್ಕೆ ದೇವಾಲಯದ ಹೊರಗೇ ಉಳಿದಿದ್ದ ಡೋಲು ಬಲಿಪೂಜೆಯಲ್ಲಿ ಸ್ತುತಿಗೀತೆಗಳಿಗೆ ಜೊತೆಯಾಯಿತು.

1981ರಲ್ಲಿ ರಾಷ್ಟ್ರೀಯ ಗರಿಫುನಾ ಮಂಡಳಿ ಹುಟ್ಟಿತು. 1993ರಲ್ಲಿ ಅದು ಜನರಿಗಾಗಿ ಒಂದು ಗರಿಫುನಾ ನಿಘಂಟನ್ನು ಹೊರತಂದಿತು. ಬ್ರೆತೋಂ ಗುರುಗಳ ನಿಘಂಟು ಹೊರಗಿನವರು ಕಲಿಯಲೆಂದು ಬರೆದದ್ದು. ಮುನ್ನೂರಕ್ಕೂ ಹೆಚ್ಚು ವರ್ಷಗಳ ನಂತರ ಬಂದ ಈ ನಿಘಂಟು ಆ ಜನರೇ ತಮ್ಮ ಮಕ್ಕಳಿಗಾಗಿ ಮಾಡಿಟ್ಟದ್ದು. 2001ರಲ್ಲಿ ಯುನೆಸ್ಕೋ ಸಂಸ್ಥೆ ಗರಿಫುನಾ ಭಾಷೆ, ನೃತ್ಯ ಮತ್ತು ಸಂಗೀತವನ್ನು ಮಾನವಕುಲದ ಅಮೂಲ್ಯ ಪರಂಪರೆಯೆಂದು ಸಾರಿತು. 2008ರಲ್ಲಿ 'ಉಮಲಾಲಿ' ಎಂಬ ಧ್ವನಿಮುದ್ರಿಕೆ ಹೊರಬಂದಿತು. ಉಮಲಾಲಿ ಎಂದರೆ 'ಧ್ವನಿ'. ಮಧ್ಯ ಅಮೆರಿಕದ ಗರಿಫುನಾ ಹಳ್ಳಿಗಳಲ್ಲಿ ವರ್ಷಗಟ್ಟಲೆ ಸುತ್ತಾಡಿ ಸಂಗ್ರಹಿಸಿದ ಆ ಹಾಡುಗಳನ್ನು ಹಾಡಿದವರು ವೃತ್ತಿಗಾಯಕಿಯರಲ್ಲ. ಮಕ್ಕಳನ್ನು ಹೆತ್ತು ಹೊತ್ತು, ಹೊಲದಲ್ಲಿ ದುಡಿದು, ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದ ಸಾಮಾನ್ಯ ತಾಯಂದಿರು.

ಲೇಖನಿ ಹಿಡಿದ ಹೆಣ್ಣುಮಕ್ಕಳೂ ಇದ್ದಾರೆ. ಡಾಂಗ್ರಿಗಾದ ಮಗಳು ಫೆಲಿಸಿಯಾ ಹೆರ್ನಾಂಡೆಸ್ ತಾವು ಬೆಳೆದ ಲೋಕವನ್ನು ಕಥೆಗಳಲ್ಲಿ ಹಿಡಿದಿಟ್ಟ ಗರಿಫುನಾ ಲೇಖಕಿ. ಅವರು ಬರೆದದ್ದು ಇಂಗ್ಲಿಷ್‌ನಲ್ಲಿ. ಇದನ್ನು ಕೇಳಿ ಯಾರಾದರೂ ಮುಗುಳ್ನಗಬಹುದು: ಮನೆಮಾತನ್ನು ಹಿಂದಕ್ಕೆ ತಳ್ಳಿದ ಭಾಷೆಯಲ್ಲಿಯೇ ಮನೆಯ ಕಥೆಯೇ? ಆದರೆ ಮರಗೆಣಸು ನಮಗೆ ಬೇರೆಯೇ ಪಾಠ ಹೇಳುತ್ತದೆ. ವಿಷವನ್ನು ಹಿಂಡಿ ತೆಗೆದು ಅನ್ನವನ್ನು ಉಳಿಸಿಕೊಳ್ಳುವ ವಿದ್ಯೆ ಈ ಹೆಂಗಸರಿಗೆ ತಲೆಮಾರುಗಳಿಂದ ಬಂದದ್ದು. ಶಾಲೆ ಕೊಟ್ಟ ಅಕ್ಷರವನ್ನು ಅವರು ಎಸೆಯಲಿಲ್ಲ. ಅದರೊಳಗಿದ್ದ ಕೀಳರಿಮೆಯನ್ನು ಹಿಂಡಿ ತೆಗೆದು, ಉಳಿದದ್ದನ್ನು ಮಕ್ಕಳಿಗೆ ಬಡಿಸಿದರು.

ನಮ್ಮ ಪಾಲಿಗೆ

ಸಂತ ಪೌಲರು ತಿಮೊಥೇಯನಿಗೆ ಪತ್ರ ಬರೆಯುವಾಗ ಅವನ ಅಜ್ಜಿ ಲೋವಿಯನ್ನೂ ತಾಯಿ ಯೂನಿಕೆಯನ್ನೂ ಹೆಸರಿಸಿ ನೆನೆಯುತ್ತಾರೆ. ಅಪೊಸ್ತಲರ ಬೋಧನೆಗಿಂತ ಮೊದಲೇ ಆ ಮನೆಯ ಹೆಂಗಸರ ಮಡಿಲಲ್ಲಿ ವಿಶ್ವಾಸದ ಬೀಜ ಮೊಳೆತಿತ್ತು. ಪಂಚಾಶತ್ತಮದ ದಿನ ಪವಿತ್ರಾತ್ಮರು ಜೆರುಸಲೇಮಿನಲ್ಲಿ ನೆರೆದಿದ್ದವರೆಲ್ಲರಿಗೂ ಒಂದೇ ಭಾಷೆಯನ್ನು ಕಲಿಸಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಹುಟ್ಟುಮಾತಿನಲ್ಲಿ ದೇವರ ಕಾರ್ಯಗಳನ್ನು ಕೇಳುವಂತೆ ಮಾಡಿದರು. ಗರಿಫುನಾ ತಾಯಂದಿರ ಚರಿತ್ರೆಯನ್ನು ಓದುವಾಗ ಈ ಎರಡು ಪ್ರಸಂಗಗಳು ಮತ್ತೆ ಮತ್ತೆ ಮನಸ್ಸಿಗೆ ಬರುತ್ತವೆ.

ಪ್ರಿಯ ಓದುಗರೇ, ಮಕ್ಕಳ ಭವಿಷ್ಯಕ್ಕಾಗಿ ನಾವು ಏನೆಲ್ಲವನ್ನೋ ಕೂಡಿಡುತ್ತೇವೆ. ಅದರ ನಡುವೆ, ಅವರ ಒಳಿತಿಗೆಂದೇ ಸದ್ದಿಲ್ಲದೆ ಅವರಿಂದ ಮರೆಮಾಡಿದ್ದೇನಾದರೂ ಇದೆಯೇ? ಅಜ್ಜಿಯ ಜಪ, ಅಮ್ಮನ ಹಾಡು, ನಮ್ಮವರು ನಡೆದು ಬಂದ ದಾರಿಯ ಕಥೆ? ಇದ್ದರೆ, ಇಂದು ಸಂಜೆಯ ಪ್ರಾರ್ಥನೆಯ ನಂತರ ಅವರನ್ನು ಹತ್ತಿರ ಕೂರಿಸಿಕೊಂಡು ಹೇಳಲು ತಡವೇನೂ ಆಗಿಲ್ಲ. ಡಾಂಗ್ರಿಗಾದ ಪುಟ್ಟ ಶಾಲೆಯಲ್ಲಿ ಮಗುವೊಂದು ತನ್ನ ಮುತ್ತಜ್ಜಿಯ ಮಾತನ್ನು ಮೊದಲ ಬಾರಿಗೆ ತೊದಲುವಾಗ, ಶಿಕ್ಷಕಿ ತಿದ್ದುತ್ತಾಳೆ, ಮಗು ಮತ್ತೆ ಹೇಳುತ್ತದೆ. ಆ ಶಿಕ್ಷಕಿಯ ದನಿಯಲ್ಲಿ, ನೆಲವಿಲ್ಲದಿದ್ದರೂ ಮಕ್ಕಳಿಗೆ ಮಾತು ಕೊಟ್ಟ ಗುಲಿಸಿ ಇಂದಿಗೂ ಬದುಕಿದ್ದಾಳೆ.